ನಾಪಾಸಾಗಲು ಬಂದ ಟ್ರೇಲರ್

ಭಾರೀ ಸರಕು ಟ್ರೇಲರ್‌ಗಳ ತಪಾಸಣಾ ಮತ್ತು ನಿರ್ವಹಣಾ ಕೇಂದ್ರವು ಪ್ರಾರಂಭವಾದ ದಿನದಿಂದ ಒಂದೇ ಒಂದು ಟ್ರೇಲರನ್ನೂ ನಾಪಾಸು ಮಾಡಿರಲಿಲ್ಲ. ಈ ಸಂಗತಿಯನ್ನು ಕೇಂದ್ರದ ಮುಂಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಲಾಗಿತ್ತು. ಕಲ್ಲಿನಲ್ಲಿ ಕೆತ್ತಿದ್ದನ್ನು ತಿದ್ದಲು ಇಲಾಖೆಯಲ್ಲಿ ಅವಕಾಶವಿಲ್ಲದ ಕಾರಣ, ಮುಂದೆಯೂ ಯಾವ ಟ್ರೇಲರೂ ನಾಪಾಸಾಗತಕ್ಕದ್ದಲ್ಲ ಎಂದು ಅಲ್ಲಿನ ಸಿಬ್ಬಂದಿ ಮನಗಂಡಿದ್ದರು.

ಕೇಂದ್ರವಿದ್ದದ್ದು ಒಂದು ಇಳಿಜಾರು ರಸ್ತೆಯ ಬುಡದಲ್ಲಿ. ಇಳಿಜಾರಿನ ನೆತ್ತಿಯಲ್ಲಿ ಸಿಮೆಂಟ್ ಗೋದಾಮು. ಅಲ್ಲಿಂದ ಹೊರಟ ಟ್ರೇಲರ್ ಬುಡಕ್ಕೆ ಬಂದು ಎಡಕ್ಕೆ ತಿರುಗಿದರೆ ಅಂಗಡಿ ಬೀದಿ; ತಿರುಗದೆ ನೇರ ಹೋದರೆ ಕೇಂದ್ರದ ಗೇಟು. ತಿರುವಿನಲ್ಲಿ ಒಂದು ಇಸ್ತ್ರಿ ಅಂಗಡಿ.

ಈ ಇಳಿಜಾರನ್ನು ದಿನವೂ ಇಳಿಯುತ್ತಿದ್ದ ಚಾಲಕರಲ್ಲಿ ಒಬ್ಬನಿಗೆ ನಿಧಾನಿ ಎಂದು ಹೆಸರು ಬಿದ್ದಿತ್ತು. ಅವನು ಹುಟ್ಟಿನಿಂದ ನಿಧಾನಿಯಲ್ಲ. ಊಟ ಬೇಗ ಮಾಡುತ್ತಿದ್ದ, ಮಾತು ಬೇಗ ಆಡುತ್ತಿದ್ದ, ಮದುವೆಯನ್ನಂತೂ ಮನೆಯವರಿಗೆ ಹೇಳುವ ಮೊದಲೇ ಮಾಡಿಕೊಂಡಿದ್ದ. ಆದರೆ ಅವನ ಟ್ರೇಲರಿನ ಬ್ರೇಕ್ ಲೈನರುಗಳು ಸವೆದು ಹಪ್ಪಳದಷ್ಟಾಗಿದ್ದವು. ಡ್ರಮ್ಮುಗಳಲ್ಲಿ ಬಿರುಕು. ಬ್ರೇಕಿಗೆ ಗಾಳಿ ಹೋಗುವ ಪೈಪನ್ನು ಹಳೇ ಸೈಕಲ್ ಟ್ಯೂಬಿನಿಂದ ಸುತ್ತಿ ಕಟ್ಟಲಾಗಿತ್ತು. ಮುಂದಿನ ಎಂಜಿನ್ ಗಾಡಿ ನಿಲ್ಲುತ್ತೇನೆಂದರೂ ಹಿಂದಿನ ಟ್ರೇಲರ್ ಬಿಡುತ್ತಿರಲಿಲ್ಲ. ನಡಿ ನಡಿ ಎಂದು ಬೆನ್ನಿಗೆ ಕೈ ಕೊಟ್ಟು ನೂಕುತ್ತಿತ್ತು. ಆದ್ದರಿಂದ ಅವನು ನೆತ್ತಿಯಿಂದ ಬುಡದವರೆಗೆ ಮೊದಲನೇ ಗೇರಿನಲ್ಲೇ ಇಳಿಯುತ್ತಿದ್ದ. ಕೋಲೂರಿಕೊಂಡು ನಡೆಯುವ ಮುದುಕರು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಕನಿಕರದಿಂದ ತಲೆಯಾಡಿಸುತ್ತಿದ್ದರು.

ತಿರುವಿನ ಇಸ್ತ್ರಿ ಅಂಗಡಿ ಅವನ ಹೆಂಡತಿಯದು. ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದದ್ದು ಅವನ ತಾಯಿ. ಅವರಿಗೆ ಮಂಡಿನೋವು, ಕೂತರೆ ಏಳಲು, ಎದ್ದರೆ ಕೂರಲು ಯಾರಾದರೂ ಕೈ ಕೊಡಬೇಕು. ಹೀಗಾಗಿ ನಿಧಾನಿ ದಿನಾ ಬೆಳಗಾದರೆ ಟ್ರೇಲರ್ ತುಂಬ ಸಿಮೆಂಟ್ ಹೊತ್ತು ತನ್ನ ಸಂಸಾರದ ಮೇಲೆಯೇ ಗುರಿಯಿಟ್ಟು ಇಳಿಯುತ್ತಿದ್ದ.

"ರೀ, ಆ ಬ್ರೇಕು ಮಾಡಿಸ್ತೀರೋ, ಇಲ್ಲ ನಾನು ಅತ್ತೇನ ಕಟ್ಟಿಕೊಂಡು ಬೇರೆ ಬೀದಿ ನೋಡ್ಕೊಳ್ಲೋ?" ಎಂದು ಹೆಂಡತಿ ಕೇಳಿದಳು.

ನಿಧಾನಿ ಟ್ರೇಲರಿನ ಮಾಲೀಕರ ಬಳಿ ಹೋದ. ಅವರನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಧಣಿ ಸಮಾಧಾನದಿಂದ ಕೇಳಿಸಿಕೊಂಡರು.

"ಅಲ್ಲಯ್ಯ, ಅದು ಪಾಸಾದ ಗಾಡಿ. ಪಾಸಾದ ಗಾಡೀನ ರಿಪೇರಿ ಮಾಡಿಸಿದ್ರೆ ಪಾಸು ಮಾಡಿದೋರ ಮುಖಕ್ಕೆ ಉಗಿದಂಗಲ್ವಾ? ನಾನು ಕಾನೂನಿಗೆ ಹೆದರೋ ಮನುಷ್ಯ. ನಾಪಾಸು ಅಂತ ಅವರ ಬಾಯಿಂದ ಒಂದು ಮಾತು ಹೊರಡಿಸಿಕೊಂಡು ಬಾ, ನಿಂತ ಕಾಲಲ್ಲಿ ಮಾಡಿಸ್ತೀನಿ."

ಈ ಪ್ರಕಾರ ನಿಧಾನಿಯು ತನ್ನ ಟ್ರೇಲರನ್ನು ನಾಪಾಸು ಮಾಡಿಸಿಕೊಳ್ಳುವ ಸಲುವಾಗಿ ಕೇಂದ್ರಕ್ಕೆ ಹಾಜರಾದನು. ಕೇಂದ್ರದ ಚರಿತ್ರೆಯಲ್ಲಿ ಇಂಥ ಉದ್ದೇಶದಿಂದ ಬಂದವನು ಅವನೇ ಮೊದಲಿಗ.

ತಪಾಸಕರು ವರಾಂಡದಲ್ಲಿ ನೆಟ್ಟಗೆ ನಿಂತಿದ್ದರು. ಅವರ ಸೊಂಟ ಬಗ್ಗುತ್ತಿರಲಿಲ್ಲ. ಬಗ್ಗಬಾರದೆಂದು ವೈದ್ಯರ ಆಜ್ಞೆಯಾಗಿತ್ತು. ಬಗ್ಗಲಾರದ ಅಧಿಕಾರಿಗೆ ಬಗ್ಗಿ ನೋಡುವ ಕೆಲಸ ಕೊಡುವುದು ಅಮಾನವೀಯವೆಂದು ಇಲಾಖೆ ಮನಗಂಡು, ಟ್ರೇಲರಿನ ಅಡಿಭಾಗವನ್ನೇ ತಪಾಸಣೆಯಿಂದ ಕೈಬಿಟ್ಟಿತ್ತು. ಅಡಿಭಾಗ ನೋಡಲೆಂದು ಹಿಂದೆ ತೋಡಿದ್ದ ಆಳುದ್ದದ ಗುಂಡಿಯಲ್ಲಿ ಮುರುಕು ಕುರ್ಚಿಗಳನ್ನು ತುಂಬಲಾಗಿತ್ತು. ಕುರ್ಚಿಗಳು ಮುರಿದಿವೆಯೆಂದು ತೀರ್ಮಾನಿಸುವ ಸಮಿತಿ ಇನ್ನೂ ರಚನೆಯಾಗಿರಲಿಲ್ಲ.

"ಏನಪ್ಪಾ, ಮಾಮೂಲಿ ಪಾಸೋ, ತುರ್ತು ಪಾಸೋ?" ಎಂದರು ತಪಾಸಕರು.

"ನಾಪಾಸು ಮಾಡಿಕೊಡಬೇಕು ಸಾರ್."

ತಪಾಸಕರು ಆಚೆ ಈಚೆ ನೋಡಿದರು. ಯಾರೋ ತಮ್ಮನ್ನು ಪರೀಕ್ಷಿಸಲು ಕಳಿಸಿದ್ದಾರೆಂದು ಅವರಿಗೆ ಅನುಮಾನ ಬಂತು. ಆದಕಾರಣ ಆ ದಿನ ಎಂದೂ ಇಲ್ಲದ ಕಟ್ಟುನಿಟ್ಟಿನಿಂದ ತಪಾಸಣೆ ನಡೆಸಿದರು. ವರಾಂಡದ ಮೆಟ್ಟಿಲು ಇಳಿದೂ ಬಂದರು.

"ಚಕ್ರ ಇದೆಯಾ?"

"ಇದೆ ಸಾರ್."

"ದುಂಡಗಿದೆಯಾ?"

"ದುಂಡಗೇನೋ ಇದೆ. ಒಳಗಿನ ತಂತಿ ಆಚೆ ಬಂದಿದೆ ನೋಡಿ."

"ಚಕ್ರದ ಆಕಾರ ಕೇಳಿದೆ, ಅದರ ಕಷ್ಟಸುಖ ಕೇಳಲಿಲ್ಲ. ಬ್ರೇಕ್ ಪರೀಕ್ಷೆ. ಗಾಡಿ ನಿಂತಿದೆಯಾ?"

"ನಿಂತಿದೆ ಸಾರ್. ಆದ್ರೆ—"

"ನಿಂತಿದೆ. ಬ್ರೇಕ್ ಸರಿಯಿದೆ."

"ಸಾರ್, ಗಾಲಿಗೆ ಕಲ್ಲು ಕೊಟ್ಟಿದ್ದೀನಿ! ಕಲ್ಲು ತೆಗೆದ್ರೆ ನಿಮ್ಮ ಕಾಂಪೌಂಡು ಇರಲ್ಲ."

"ಹಾಗಾದ್ರೆ ತೆಗೀಬೇಡ. ನಿಯಮದ ಪ್ರಕಾರ ಕಲ್ಲು ಬ್ರೇಕಿನ ಪೂರಕ ಸಾಧನ. ನಿನ್ನ ಗಾಡೀಲಿ ಪೂರಕ ಸಾಧನವೂ ಇದೆ. ಎಷ್ಟೋ ಗಾಡೀಲಿ ಅದೂ ಇರಲ್ಲ."

"ಓಡಿಸಿ ನೋಡಿ ಸಾರ್, ಒಂದೇ ಸಲ."

"ಬ್ರೇಕ್ ಸರಿಯಿಲ್ಲ ಅಂತ ನೀನೇ ಹೇಳ್ತೀಯ, ಓಡಿಸಿ ನೋಡಿ ಅಂತಲೂ ನೀನೇ ಹೇಳ್ತೀಯ. ನನಗೆ ಹೆಂಡತಿ ಮಕ್ಕಳಿಲ್ವಾ?"

ಟ್ರೇಲರ್ ಪಾಸಾಯಿತು. ಪೂರಕ ಸಾಧನದ ಕಾರಣಕ್ಕೆ ಉತ್ತಮ ದರ್ಜೆಯಲ್ಲಿ ಪಾಸಾಯಿತು.

ನಿಧಾನಿ ಬಿಡಲಿಲ್ಲ. ಮುಖ್ಯಾಧಿಕಾರಿಗಳ ಕೋಣೆಯ ಮುಂದೆ ಕಾದು ಕೂತ. ಮುಖ್ಯಾಧಿಕಾರಿಗಳು ಮೃದು ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸದವರು. ಈವರೆಗೆ ಅವರು ಯಾರಿಗೂ ಏನನ್ನೂ ಮಾಡಿದ್ದಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು, ಚಹಾ ತರಿಸಿ, ಅದನ್ನು ತಾವೇ ಕುಡಿಯುತ್ತಾ ತಿಳಿಹೇಳಿದರು.

"ನೋಡು ತಮ್ಮ. ಈ ವರ್ಷ ನಾಪಾಸು ಅಂದ್ರೆ ಹೋದ ವರ್ಷ ಪಾಸು ಮಾಡಿದ್ದು ತಪ್ಪು ಅಂತಾಯ್ತು. ಹೋದ ವರ್ಷ ಮಾಡಿದೋನು ನಾನು. ಅದಕ್ಕೆ ಹಿಂದೆ ಮಾಡಿದೋರು ಈಗ ನನ್ನ ಮೇಲಧಿಕಾರಿ. ಅವರಿಗಿಂತ ಹಿಂದಿನವರು ತೀರಿಕೊಂಡಿದ್ದಾರೆ. ಸತ್ತೋರ ತಲೆ ಮೇಲೆ ಗೂಬೆ ಕೂರಿಸ್ತೀಯಾ?"

"ಬದುಕಿರೋರು ಸಾಯಬಾರದು ಅಂತ ಕೇಳ್ತಿದ್ದೀನಿ ಸಾರ್."

"ನಿನ್ನ ಗಾಡಿ ನಿಲ್ಲಲಿ ಅಂತ ನಮ್ಮೆಲ್ಲರ ಬಡ್ತಿ ನಿಲ್ಲಬೇಕಾ? ನ್ಯಾಯವಾಗಿ ಹೇಳು. ಹಾಗಂತ ದಾರಿಯೇ ಇಲ್ಲ ಅಂತಲ್ಲ. ದೋಷ ತಾನಾಗಿ ಪ್ರಕಟವಾದ್ರೆ ನಾಪಾಸು ಮಾಡಬಹುದು. ಅಂದ್ರೆ, ಗಾಡಿ ಎಲ್ಲಾದ್ರೂ ಹೋಗಿ ಗುದ್ದಬೇಕು. ಗುದ್ದಿದ ಮೇಲೆ ತಗೊಂಬಾ."

"ತರೋಕೆ ಗಾಡಿ ಇರಬೇಕಲ್ಲ ಸಾರ್? ನಾನಿರಬೇಕಲ್ಲ?"

"ಗಾಡಿ ಉಳೀಲಿಲ್ಲ ಅಂದ್ರೆ ಅದು ಗುಜರಿ. ಗುಜರಿ ನಮ್ಮ ಇಲಾಖೆಗೆ ಬರಲ್ಲ. ನೀನು ಉಳೀಲಿಲ್ಲ ಅಂದ್ರೆ ನೀನೂ ಬರಲ್ಲ," ಎಂದು ಮುಖ್ಯಾಧಿಕಾರಿಗಳು ಲೋಟ ಕೆಳಗಿಟ್ಟರು.

ಗಂಡ ಬಂದು ಹೇಳಿದ್ದನ್ನು ಇಸ್ತ್ರಿ ಅಕ್ಕ ಪೂರ್ತಿ ಕೇಳಿಸಿಕೊಂಡಳು. ಪೆಟ್ಟಿಗೆಯ ಕೆಂಡ ಊದಿದಳು. ಕೇಂದ್ರದ ಸಿಬ್ಬಂದಿಯ ಸಮವಸ್ತ್ರಗಳೆಲ್ಲ ಇಸ್ತ್ರಿಗೆ ಬರುತ್ತಿದ್ದದ್ದು ಅವಳ ಅಂಗಡಿಗೇ. ನಿಜ ಹೇಳಬೇಕೆಂದರೆ ಆ ಕೇಂದ್ರದಲ್ಲಿ ಹರಿತವಾಗಿದ್ದ ವಸ್ತು ಅಂಗಿಯ ತೋಳಿನ ಗೆರೆ ಒಂದೇ. ಮಾರನೆಯ ದಿನ ಬಟ್ಟೆ ತೆಗೆದುಕೊಂಡು ಹೋಗಲು ಬಂದ ಜವಾನನ ಮುಂದೆ ಅವಳು ತಪಾಸಕರ ಅಂಗಿಯನ್ನು ಮುದ್ದೆಯಾಗಿಯೇ ಎತ್ತಿ ಹಿಡಿದಳು.

"ತೋಳಿದೆಯಾ?"

"ಇದೆ ಅಕ್ಕ."

"ಗುಂಡಿ?"

"ಇದೆ."

"ಪಾಸು. ತಗೊಂಡು ಹೋಗು."

ಹೀಗೆ ಆ ಇಡೀ ವಾರ ಕೇಂದ್ರದ ಅಂಗಿಗಳು ಪಾಸಾದವು. ಸಿಬ್ಬಂದಿ ಹಸು ಮೆದ್ದು ಉಗುಳಿದಂಥ ಬಟ್ಟೆ ತೊಟ್ಟು ಓಡಾಡಿದರು. ಸುಮ್ಮನಿದ್ದ ದಿನಗಳಲ್ಲಾದರೆ ಇದು ನಡೆದುಹೋಗುತ್ತಿತ್ತು. ಆದರೆ ಅದು ಸುರಕ್ಷಾ ಅಭಿಯಾನದ ಕಾಲ. ಅತ್ಯುತ್ತಮ ತಪಾಸಣಾ ಕೇಂದ್ರವನ್ನು ಆರಿಸುವ ಪ್ರಶಸ್ತಿ ಸಮಿತಿಯ ಅಧ್ಯಕ್ಷರು ಖುದ್ದು ಬರುವವರಿದ್ದರು. ಟ್ರೇಲರಿನ ಅಡಿಭಾಗ ಯಾರಿಗೂ ಕಾಣುವುದಿಲ್ಲ, ಅಧಿಕಾರಿಯ ಎದೆಭಾಗ ಎಲ್ಲರಿಗೂ ಕಾಣುತ್ತದೆ. ಮುಖ್ಯಾಧಿಕಾರಿಗಳು ಸ್ವತಃ ರಸ್ತೆ ದಾಟಿ ಇಸ್ತ್ರಿ ಅಂಗಡಿಗೆ ಬಂದರು.

"ಏನಮ್ಮಾ ಇದು? ಹೊಟ್ಟೆಪಾಡಿನ ಕೆಲಸದಲ್ಲಿ ಹಟ ಮಾಡಬಾರದು."

"ಅಲ್ಲಿ ಬ್ರೇಕು ಹಿಡೀಲಿ ಸಾರ್, ಇಲ್ಲಿ ನಾನು ಇಸ್ತ್ರಿ ಹಿಡೀತೀನಿ."

ಮುಖ್ಯಾಧಿಕಾರಿಗಳು ಬೀದಿಯ ಜನರ ಎದುರಿಗೇ ಮಾತು ಕೊಟ್ಟರು. ಸದರಿ ಟ್ರೇಲರನ್ನು ಕೇಂದ್ರವೇ ಒಳಗೆ ತೆಗೆದುಕೊಂಡು ಸಮಗ್ರ ನಿರ್ವಹಣೆ ಮಾಡುವುದಾಗಿ ಘೋಷಿಸಿದರು. ಅದೇ ಮಧ್ಯಾಹ್ನ ಟ್ರೇಲರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಇಸ್ತ್ರಿ ಅಕ್ಕ ಮಾತಿಗೆ ತಪ್ಪುವವಳಲ್ಲ. ಅಂಗಿಗಳಿಗೆಲ್ಲ ಬೆರಳು ಕುಯ್ಯುವಂಥ ಗೆರೆ ಹಾಕಿ ಕಳಿಸಿದಳು. ನಿಧಾನಿಯ ತಾಯಿ, "ದೊಡ್ಡ ಮನುಷ್ಯರು ಕಣೇ, ಬಾಯಿ ಬಿಟ್ಟು ಕೇಳಿದ್ರೆ ಯಾಕೆ ಮಾಡಲ್ಲ," ಎಂದು ಸೊಸೆಗೆ ಬುದ್ಧಿ ಹೇಳಿದರು.

ಅಂಗಿಗಳು ತಲುಪಿದ ಮೇಲೆ ಬಾಗಿಲು ತೆರೆಯಿತು. ಟ್ರೇಲರಿನ ಬ್ರೇಕ್ ಡ್ರಮ್ಮುಗಳಿಗೆ ಕಡುಗೆಂಪು ಬಣ್ಣ ಬಳಿದಿತ್ತು. ಒಂದೊಂದರ ಮೇಲೂ ಬಿಳಿ ಅಕ್ಷರದಲ್ಲಿ ‘ಬ್ರೇಕ್’ ಎಂದು ಬರೆಸಿ, ಓದಲು ಬಾರದವರಿಗಾಗಿ ಬಾಣದ ಗುರುತೂ ಹಾಕಿಸಿದ್ದರು. ಸೈಕಲ್ ಟ್ಯೂಬಿಗೆ ಹಸಿರು ಬಣ್ಣ.

"ಲೈನರ್ ಹಾಕಿಲ್ವಾ ಸಾರ್?" ಎಂದು ನಿಧಾನಿ ಕೇಳಿದ.

"ಲೈನರ್ ಹೊರಗೆ ಕಾಣುತ್ತಾ?"

"ಇಲ್ಲ, ಅದು ಡ್ರಮ್ಮಿನ ಒಳಗಿರುತ್ತೆ."

"ಮತ್ತೆ?" ಎಂದರು ತಪಾಸಕರು.

ಅಂದು ಸಂಜೆಯೇ ಕೇಂದ್ರದ ಗೋಡೆಯ ಮೇಲೆ ಈ ಕೆಳಕಂಡ ಪ್ರಕಟಣೆ ಬಿತ್ತು:

‘ಸಾರ್ವಜನಿಕರ ಗಮನಕ್ಕೆ. ಉತ್ತಮ ದರ್ಜೆಯಲ್ಲಿ ಉತ್ತೀರ್ಣವಾಗಿ, ತದನಂತರ ಸಮಗ್ರ ನಿರ್ವಹಣೆಗೆ ಒಳಪಟ್ಟಿರುವ ಸದರಿ ಟ್ರೇಲರನ್ನು ಆದರ್ಶ ಟ್ರೇಲರ್ ಎಂದು ಘೋಷಿಸಲಾಗಿದೆ. ಪ್ರಶಸ್ತಿ ಸಮಿತಿಯ ಅಧ್ಯಕ್ಷರೂ ಕೇಂದ್ರದ ಅಧಿಕಾರಿಗಳೂ ಇದರ ಮೇಲೆ ಆಸೀನರಾಗಿ ಇಳಿಜಾರಿನಲ್ಲಿ ಮೆರವಣಿಗೆ ಬರಲಿದ್ದಾರೆ. ಇದಕ್ಕೂ ಮೊದಲು ಆದರ್ಶ ಟ್ರೇಲರ್ ಬಗ್ಗೆ ಆಡಿಕೊಂಡ ಮಾತುಗಳನ್ನು ಆಡಿದವರು ಹಿಂಪಡೆಯತಕ್ಕದ್ದು.’

ಮೆರವಣಿಗೆಯ ಬೆಳಿಗ್ಗೆ ಗಣ್ಯರಿಗೆ ಕುರ್ಚಿ ಸಾಲಲಿಲ್ಲ. ಗುಂಡಿಯಲ್ಲಿದ್ದ ಮುರುಕು ಕುರ್ಚಿಗಳನ್ನೆಲ್ಲ ಮೇಲೆತ್ತಿ, ಕಾಲಿಲ್ಲದ ಕಡೆ ಇಟ್ಟಿಗೆ ಕೊಟ್ಟು, ಬಟ್ಟೆ ಹೊದಿಸಿ, ಗೋದಾಮಿಗೆ ಸಾಗಿಸಲಾಯಿತು. ಅಲ್ಲಿ ಧಣಿ ಆಗಲೇ ಟ್ರೇಲರಿಗೆ ಕಂಠಮಟ್ಟ ಸಿಮೆಂಟ್ ಚೀಲ ಹೇರಿಸಿ ಅದರ ಮೇಲೆ ಜಮಖಾನ ಹಾಸಿಸಿದ್ದರು.

"ಖಾಲಿ ಗಾಡಿ ಇಳಿಸೋದು ಯಾಕೆ? ಹೆಂಗೂ ಕೆಳಗೆ ಹೋಗ್ತೀವಲ್ಲ. ದೊಡ್ಡೋರು ಕೂರೋಕೆ ಎತ್ತರವೂ ಆಯ್ತು," ಎಂದರು ಧಣಿ.

ನಿಧಾನಿ ಸ್ಟೇರಿಂಗ್ ಹಿಡಿಯಲು ಒಪ್ಪಲಿಲ್ಲ. ಮುಖ್ಯಾಧಿಕಾರಿಗಳ ಕಾಲಿಗೇ ಬಿದ್ದ.

"ಸಾರ್, ನೀವೇ ಕೂರ್ತೀರಲ್ಲ ಇದರ ಮೇಲೆ. ನಿಮಗೂ ಜೀವ ಇದೆಯಲ್ಲ. ಹಿಡಿಯಲ್ಲ ಸಾರ್ ಇದು!"

"ನಾವೇ ಪಾಸು ಮಾಡಿದ ಗಾಡಿ. ನಮಗೇ ಹೆದರಿಕೆ ಇಲ್ಲ ಅಂದ್ಮೇಲೆ ನಿನಗ್ಯಾಕೆ?" ಎಂದ ಮುಖ್ಯಾಧಿಕಾರಿಗಳು ದನಿ ತಗ್ಗಿಸಿ, "ಪಾಸಾದ ಬ್ರೇಕಿನ ಮೇಲೆ ಅಪನಂಬಿಕೆ ತೋರಿಸಿದ್ರೆ ಲೈಸೆನ್ಸ್ ರದ್ದಾಗುತ್ತೆ. ನೀನು ಬೇಡ ಅಂದ್ರೆ ಬೇರೆ ಯಾರನ್ನಾದ್ರೂ ಕೂರಿಸ್ತೀವಿ," ಎಂದರು.

ಬೇರೆಯವನಿಗೆ ಆ ಗಾಡಿಯ ಹುಚ್ಚು ಗೊತ್ತಿಲ್ಲ. ಕೆಳಗೆ ತಿರುವಿನಲ್ಲಿ ತಾಯಿ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಿರುತ್ತಾರೆ. ನಿಧಾನಿ ಹೆಂಡತಿಗೆ ಫೋನ್ ಮಾಡಿ, "ಅಮ್ಮನ್ನ ಎತ್ತು, ಬೀದಿ ಖಾಲಿ ಮಾಡಿಸು," ಎಂದಷ್ಟೇ ಹೇಳಿ ಗಾಡಿ ಹತ್ತಿದ.

ಇಸ್ತ್ರಿ ಅಕ್ಕ ಅತ್ತೆಯನ್ನು ಉಪ್ಪಿನಮೂಟೆಯಂತೆ ಬೆನ್ನ ಮೇಲೆ ಹೊತ್ತು ಬಟ್ಟೆ ಅಂಗಡಿಯ ಮಹಡಿ ಮೆಟ್ಟಿಲ ಮೇಲೆ ಕೂರಿಸಿ ಬಂದಳು. ಮೆರವಣಿಗೆ ನೋಡಲು ಬೀದಿಯ ಇಕ್ಕೆಲದಲ್ಲೂ ಜನ ನೆರೆದಿದ್ದರು. ಎದ್ದು ಹೋಗಿ ಎಂದರೆ ಯಾರು ಕೇಳುತ್ತಾರೆ? "ಅಭಿಯಾನ ಕಣಕ್ಕ, ಕೂಗಾಡಬೇಡ," ಎಂದರು. ಅವಳು ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜನರ ಮೇಲೆಯೇ ನುಗ್ಗಿದಳು. "ಇದು ನಿಲ್ಲುತ್ತೆ, ನಾನು ನಿಲ್ಲಿಸ್ತೀನಿ. ಅದು ನಿಲ್ಲಲ್ಲ ಕಣ್ರೋ, ಓಡ್ರೋ!" ಬರಲಿರುವ ಟ್ರೇಲರಿಗೆ ಹೆದರದ ಜನ ಎದುರಿಗಿದ್ದ ಕೆಂಡಕ್ಕೆ ಹೆದರಿ ಜಗಲಿ, ಮೆಟ್ಟಿಲು, ಮಾಳಿಗೆ ಹತ್ತಿದರು.

ಅತ್ತ ನೆತ್ತಿಯಲ್ಲಿ ಆದರ್ಶ ಟ್ರೇಲರ್ ಹೊರಟಿತು. ಜಮಖಾನದ ಮೇಲೆ ಅಧ್ಯಕ್ಷರು, ಮುಖ್ಯಾಧಿಕಾರಿಗಳು, ತಪಾಸಕರು. ಅಧ್ಯಕ್ಷರ ಕೈಯಲ್ಲಿ ಮೈಕು. ಚಾಲಕನ ಪಕ್ಕದ ಸೀಟಿನಲ್ಲಿ ಧಣಿ. ನಿಧಾನಿ ಮೊದಲನೇ ಗೇರಿನಲ್ಲಿ, ಉಸಿರು ಬಿಗಿಹಿಡಿದು, ಇರುವೆಗೂ ನೋವಾಗದಂತೆ ಇಳಿಸುತ್ತಿದ್ದ. ಹೀಗೆಯೇ ಹೋಗಿದ್ದರೆ ಬುಡ ಸೇರುತ್ತಿದ್ದರೋ ಏನೋ. ಆದರೆ ಎಂಜಿನ್ ಗೊರಗುಟ್ಟುವುದನ್ನು ಕೇಳಿ ಧಣಿಗೆ ಕರುಳು ಚುರುಕ್ಕೆಂದಿತು.

"ಇಳಿಜಾರಿನಲ್ಲೂ ಯಾಕಯ್ಯ ಡೀಸೆಲ್ ಸುಡ್ತೀಯ? ಅದೇ ಹೋಗುತ್ತಲ್ಲ," ಎಂದು ಕೈ ಚಾಚಿ, ನಿಧಾನಿ ತಡೆಯುವುದರೊಳಗೆ ಗೇರನ್ನು ಎಳೆದು ನ್ಯೂಟ್ರಲ್‌ಗೆ ಹಾಕಿಬಿಟ್ಟರು.

ಅದೇ ಹೋಯಿತು. ಚೆನ್ನಾಗಿಯೇ ಹೋಯಿತು. ನಿಧಾನಿ ಬ್ರೇಕ್ ತುಳಿದ. ಹಸಿರು ಟ್ಯೂಬು ಪಟ್ಟೆಂದು ಬಿಚ್ಚಿಕೊಂಡು ಗಾಳಿಯೆಲ್ಲ ಬುಸ್ಸೆಂದಿತು. ಮತ್ತೆ ಗೇರಿಗೆ ಹಾಕಲು ಹೋದರೆ ಗೇರು ಕರಕರ ಎಂದಿತೇ ಹೊರತು ಕೂರಲಿಲ್ಲ. ಮೇಲಿದ್ದ ಅಧ್ಯಕ್ಷರು ಇದನ್ನೆಲ್ಲ ಕಾರ್ಯಕ್ರಮದ ಭಾಗವೆಂದು ಭಾವಿಸಿದರು. ಮುಖಕ್ಕೆ ಗಾಳಿ ಬಡಿಯುತ್ತಿದ್ದಂತೆ ಅವರಿಗೆ ಸ್ಫೂರ್ತಿ ಉಕ್ಕಿ, "ಬಂಧುಗಳೇ, ಈ ಇಲಾಖೆಯ ಪ್ರಗತಿಯ ವೇಗವನ್ನು ಇನ್ನು ಯಾರಿಂದಲೂ ತಡೆಯಲಾಗದು!" ಎಂದು ಮೈಕಿನಲ್ಲಿ ಸಾರಿದರು. ಅವರ ಭಾಷಣದಲ್ಲಿ ಅಕ್ಷರಶಃ ನಿಜವಾದ ವಾಕ್ಯ ಇದೊಂದೇ ಎಂದು ಆಮೇಲೆ ತಿಳಿದವರು ಹೇಳಿದರು.

ತಿರುವು ಬಂತು. ಎಡಕ್ಕೆ ಹೊರಳಿಸಿದರೆ ಟ್ರೇಲರ್ ಮಗುಚಿ ಅಂಗಡಿ ಬೀದಿಯನ್ನು ಒರೆಸಿಕೊಂಡು ಹೋಗುತ್ತದೆ. ನಿಧಾನಿ ಹೊರಳಿಸಲಿಲ್ಲ. ಸ್ಟೇರಿಂಗನ್ನು ನೆಟ್ಟಗೆ ಹಿಡಿದು, ಹಾರನ್ ಒತ್ತಿ, ಕೇಂದ್ರದ ಗೇಟಿಗೇ ಬಿಟ್ಟ. ಗೇಟು ಹೋಯಿತು. ಕಲ್ಲಿನಲ್ಲಿ ಕೆತ್ತಿದ್ದ ಸಂಗತಿ ಬಾಗಿಲ ಸಮೇತ ಉರುಳಿತು. ಟ್ರೇಲರ್ ಕುರ್ಚಿಗಳಿಲ್ಲದೆ ಬರಿದಾಗಿದ್ದ ಗುಂಡಿಯೊಳಗೆ ಗಾಲಿಗಳನ್ನು ಇಳಿಬಿಟ್ಟು ಧಡಕ್ಕೆಂದು ನಿಂತಿತು.

ಯಾರೂ ಸಾಯಲಿಲ್ಲ. ಮುಖ್ಯಾಧಿಕಾರಿಗಳ ತೋಳು ಮುರಿಯಿತು. ಧಣಿಯ ಮುಂದಿನ ಹಲ್ಲು ಉದುರಿದವು. ತಪಾಸಕರು ಕುರ್ಚಿಯೊಂದಿಗೇ ಹಾರಿ ಬಿದ್ದ ರಭಸಕ್ಕೆ, ಈವರೆಗೆ ಬಗ್ಗದ ಅವರ ಸೊಂಟ ಬಗ್ಗಿತು. ಬಗ್ಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ಚೀಲಗಳು ಒಡೆದು ಗಣ್ಯರೆಲ್ಲ ಸಿಮೆಂಟ್ ಧೂಳಿನಲ್ಲಿ ಬೆಳ್ಳಗೆ ಕೂತಿದ್ದರು. ಅಧ್ಯಕ್ಷರ ಕೈಯಲ್ಲಿ ಮೈಕು ಇನ್ನೂ ಇತ್ತು.

ಗಣ್ಯರನ್ನು ಹೊರಗೆ ಸಾಗಿಸುವ ಹೊತ್ತಿಗೆ ಅಗ್ನಿಶಾಮಕ ದಳದವರು ಬಂದರು. ಬೆಂಕಿ ಬಿದ್ದಿರಲಿಲ್ಲ. ಆದರೆ ಬಂದ ಮೇಲೆ ನೀರು ಹಾಯಿಸದೆ ಹಿಂದಿರುಗುವಂತಿಲ್ಲವೆಂದು ಅವರ ನಿಯಮ. ಗುಂಡಿ ತುಂಬ ಬಿದ್ದಿದ್ದ ಸಿಮೆಂಟಿನ ಮೇಲೆ ತೃಪ್ತಿಯಾಗುವಷ್ಟು ನೀರು ಬಿಟ್ಟು ಹೋದರು. ಒಂದೆರಡು ದಿನದಲ್ಲಿ ಟ್ರೇಲರ್ ಗಾಲಿಗಳ ಸಮೇತ ಕಲ್ಲಾಗಿ, ಕಟ್ಟಡದ ಅವಿಭಾಜ್ಯ ಅಂಗವಾಯಿತು.

ತನಿಖೆಯನ್ನು ಮುಖ್ಯಾಧಿಕಾರಿಗಳೇ ನಡೆಸಿದರು. ಘಟನೆಯನ್ನು ಅವರಷ್ಟು ಹತ್ತಿರದಿಂದ ಕಂಡವರು ಬೇರಾರೂ ಇರಲಿಲ್ಲ. ಕೊರಳಿಗೆ ತೋಳು ಕಟ್ಟಿಕೊಂಡು ಬಂದು, ಟ್ರೇಲರಿನ ಮುಂದೆ ನಿಂತು, ತಪಾಸಕರನ್ನು ಕೇಳಿದರು.

"ಗಾಡಿ ನಿಂತಿದೆಯಾ?"

ತಪಾಸಕರು ಬಗ್ಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿದರು. "ನಿಂತಿದೆ ಸಾರ್. ಇಷ್ಟು ಗಟ್ಟಿಯಾಗಿ ನಿಂತ ಗಾಡೀನ ನಾನು ನೋಡೇ ಇಲ್ಲ."

"ಬ್ರೇಕ್ ಸರಿಯಿದೆ."

ನಿಧಾನಿ ಹಣೆಗೆ ಪಟ್ಟಿ ಕಟ್ಟಿಕೊಂಡು ಅಲ್ಲಿಯೇ ನಿಂತಿದ್ದ. "ಈಗಲಾದ್ರೂ ನಾಪಾಸು ಮಾಡಿ ಸಾರ್. ಗುದ್ದಿದ ಮೇಲೆ ತಗೊಂಬಾ ಅಂದಿದ್ರಿ. ತಂದಿದ್ದೀನಿ."

"ಗುದ್ದಿದ್ದು ಎಲ್ಲಿ? ತಪಾಸಣಾ ಕೇಂದ್ರದಲ್ಲಿ. ತಪಾಸಣೆಗೆ ಗಾಡಿ ತಾನಾಗಿ ಬಂತು ಅಂತ ಅರ್ಥ. ಇಂಥ ಶಿಸ್ತನ್ನ ನಾಪಾಸು ಮಾಡಿದ್ರೆ ಬೇರೆ ಗಾಡಿಗಳಿಗೆ ಏನು ಸಂದೇಶ ಹೋಗುತ್ತೆ?"

ಅಧ್ಯಕ್ಷರು ಆಸ್ಪತ್ರೆಯ ಹಾಸಿಗೆಯಿಂದಲೇ ಕೇಂದ್ರಕ್ಕೆ ಪ್ರಶಸ್ತಿ ಪ್ರಕಟಿಸಿ, ನಿಧಾನಿಯನ್ನು ಆದರ್ಶ ಚಾಲಕನೆಂದು ಘೋಷಿಸಿದರು. ಸಾಯದೆ ಉಳಿದದ್ದು ಅವರಿಗೆ ಕೇಂದ್ರದ ದಕ್ಷತೆಗೆ ಸಾಕ್ಷಿಯಾಗಿ ಕಂಡಿತು. ತಪಾಸಕರು ಸದಾ ಬಗ್ಗಿಯೇ ಇರುವುದರಿಂದ ಅಡಿಭಾಗಗಳ ವಿಶೇಷ ತಪಾಸಕರೆಂದು ಬಡ್ತಿ ಪಡೆದರು. ಅಡಿಭಾಗವಂತೂ ತಪಾಸಣೆಯಲ್ಲಿ ಇರಲಿಲ್ಲವಾದ್ದರಿಂದ ಅವರಿಗೆ ಪೂರ್ತಿ ಬಿಡುವು. ಧಣಿ ಎಲ್ಲಿಂದಲೋ ಇನ್ನೊಂದು ಹಳೇ ಟ್ರೇಲರ್ ತಂದರು. ಆದರ್ಶ ಟ್ರೇಲರಿಗೆ ಸಿಕ್ಕಿದ್ದ ಪಾಸಿನ ಅವಧಿ ಇನ್ನೂ ಮುಗಿದಿರಲಿಲ್ಲ. ಅದು ವ್ಯರ್ಥವಾಗಬಾರದೆಂದು ಅದನ್ನೇ ಹೊಸದಕ್ಕೆ ವರ್ಗಾಯಿಸಲಾಯಿತು. ನಿಧಾನಿ ಕೆಲಸ ಬಿಡುತ್ತೇನೆಂದ. ಆದರ್ಶ ಚಾಲಕನೆಂದು ಘೋಷಿತನಾದವನು ಕೆಲಸ ಬಿಟ್ಟರೆ ಘೋಷಿಸಿದವರಿಗೆ ಅವಮಾನವಾಗುವುದರಿಂದ ಅದಕ್ಕೆ ಅನುಮತಿ ದೊರೆಯಲಿಲ್ಲ. ಹೊಸ ಟ್ರೇಲರಿನ ಸೀಟಿನ ಮೇಲೆ ಕೂತು ಅವನು ಕಾಲಿಟ್ಟು ನೋಡಿದ. ಬ್ರೇಕು ನೆಲ ಮುಟ್ಟಿತು.

ಆದರೂ ತನಿಖೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ಅಷ್ಟು ಜನ ನೆರೆದಿದ್ದ ಬೀದಿಯಲ್ಲಿ ಒಬ್ಬರಿಗೂ ಏಕೆ ಪೆಟ್ಟಾಗಲಿಲ್ಲ? ಜನ ಹಾರಿ ಜಗಲಿ ಹತ್ತಿದ್ದರು ಎಂದು ಸಾಕ್ಷಿಗಳು ನುಡಿದರು. ಇಲಾಖೆಗೆ ಜ್ಞಾನೋದಯವಾಯಿತು. ಇಷ್ಟು ವರ್ಷ ಸುರಕ್ಷೆಯನ್ನು ಟ್ರೇಲರಿನಲ್ಲಿ ಹುಡುಕಿದ್ದೇ ತಪ್ಪು. ಸುರಕ್ಷೆ ಇರುವುದು ಜನರ ಕಾಲುಗಳಲ್ಲಿ. ಟ್ರೇಲರುಗಳೆಲ್ಲ ಪಾಸಾಗಿರುವಾಗ ಇನ್ನು ಮುಂದೆ ಏನಾದರೂ ಅನಾಹುತವಾದರೆ ದೋಷ ಎಲ್ಲಿರಬೇಕೆಂಬುದೂ ಇದರಿಂದ ಸ್ಪಷ್ಟವಾಯಿತು. ಹೊಸ ಆದೇಶ ಹೊರಟಿತು:

‘ಇಳಿಜಾರಿನ ಬುಡದಲ್ಲಿ ವಾಸಿಸುವ, ವ್ಯಾಪಾರ ಮಾಡುವ ಅಥವಾ ಸುಮ್ಮನೆ ನಿಲ್ಲುವ ಸರ್ವರೂ ನಿಯತವಾಗಿ ಕೇಂದ್ರಕ್ಕೆ ಹಾಜರಾಗಿ ತಮ್ಮ ಕಾಲುಗಳ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಹಾರನ್ ಕೇಳಿದ ಕೂಡಲೇ ನಿಂತಲ್ಲಿಂದ ಜಗಲಿಗೆ ಹಾರಲು ಶಕ್ತರಾದವರಿಗೆ ಮಾತ್ರ ಬೀದಿಯಲ್ಲಿರಲು ಅನುಮತಿ. ಕಾಲುಗಳ ನಿರ್ವಹಣೆ ಅವರವರದೇ ಹೊಣೆ.’

ಜನ ಮೊದಲು ಗೊಣಗಿದರು. ಆಮೇಲೆ ಸಾಲಾಗಿ ನಿಂತರು. ಕೇಂದ್ರದ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಹಾರನ್ ಊದಿ, ಹಾರಿಸಿ ನೋಡುತ್ತಿದ್ದರು. ಈ ತಪಾಸಣೆಯಲ್ಲಿ ಮುಲಾಜಿರಲಿಲ್ಲ. ಮಾಂಸದಂಗಡಿಯವನು ನಾಪಾಸಾಗಿ ಮಗನನ್ನು ಅಂಗಡಿಯಲ್ಲಿ ಕೂರಿಸಿದ. ಇಬ್ಬರು ಗರ್ಭಿಣಿಯರು ತಾತ್ಕಾಲಿಕವಾಗಿ ನಾಪಾಸಾದರು. ಕುಂಟ ಭಿಕ್ಷುಕ ಹಾರಲಾರದೆ ಬೀದಿ ಬಿಟ್ಟು ಹೋಗಬೇಕಾಯಿತು. "ಹೋಗ್ಲಿ ಬಿಡಿ, ಅವನ ಒಳ್ಳೇದಕ್ಕೇ ಅಲ್ವಾ," ಎಂದು ಅಂಗಡಿಯವರು ತಮ್ಮ ತಮ್ಮಲ್ಲಿ ಆಡಿಕೊಂಡರು. ಇಸ್ತ್ರಿ ಅಕ್ಕ ಕೆಂಡದ ಪೆಟ್ಟಿಗೆ ಹಿಡಿದುಕೊಂಡೇ ಚರಂಡಿ ದಾಟಿ ಹಾರಿ ಮೊದಲ ಯತ್ನದಲ್ಲೇ ಪಾಸಾದಳು. ತಪಾಸಣೆಗೆ ಹೊಸದಾಗಿ ನೇಮಕವಾದ ಸಿಬ್ಬಂದಿಯ ಅಂಗಿಗಳೂ ಅವಳಲ್ಲಿಗೇ ಬರತೊಡಗಿದವು. ಅವಳು ಅವಕ್ಕೆ ಗೆರೆ ಹಾಕಿಕೊಟ್ಟಳು. ಯಾರಾದರೂ ಕೇಳಿದರೆ, "ಏನು ಮಾಡೋದು, ಬಂದದ್ದನ್ನ ಮಾಡಬೇಕಲ್ಲ," ಎನ್ನುತ್ತಿದ್ದಳು.

ನಿಧಾನಿಯ ತಾಯಿ ನಾಪಾಸಾದರು. ಹಾರುವುದಿರಲಿ, ಅವರು ಸ್ಟೂಲಿನಿಂದ ಎದ್ದು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಹಾರನ್ ಮುಗಿದಿತ್ತು. ಆದರೆ ಮುಖ್ಯಾಧಿಕಾರಿಗಳು ಮೃದು ಸ್ವಭಾವದವರಾದ್ದರಿಂದ ಇನ್ನೊಂದು ಅವಕಾಶ ಕೊಟ್ಟರು. ಆಗಲೂ ಹಾರದಿದ್ದರೆ ಅವರು ಬೀದಿ ಬಿಡಬೇಕು.

ತಾಯಿ ಅಳಲಿಲ್ಲ. "ಊರಿಗೆ ಬಂದದ್ದು ನಮಗೂ ಬಂತು. ಎಲ್ಲರೂ ಹಾರ್ತಿರುವಾಗ ನಾನೊಬ್ಬಳು ಕೂತಿದ್ರೆ ಚೆನ್ನಾಗಿರುತ್ತಾ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಸೊಸೆ ಮಂಡಿಗೆ ಬಿಸಿ ಎಣ್ಣೆ ತಿಕ್ಕಿದಳು.

ಈಗ ದಿನಾ ಸಂಜೆ ಕೆಲಸ ಮುಗಿಸಿ ಬಂದ ನಿಧಾನಿ ಹಿತ್ತಲ ತುದಿಗೆ ಹೋಗಿ ನಿಲ್ಲುತ್ತಾನೆ. ತಾಯಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಸಿದ್ಧರಾಗುತ್ತಾರೆ. ನೆರೆಮನೆಯವರು ಗೋಡೆಯ ಮೇಲಿಂದ ಇಣುಕಿ, "ಮೊಣಕೈ ಬೀಸಿ ಅಜ್ಜಿ, ಆಗ ಮೈ ಮೇಲೇಳುತ್ತೆ," ಎಂದು ಸಲಹೆ ಕೊಡುತ್ತಾರೆ.

"ಅಮ್ಮ, ಬಂದೆ!" ಎಂದು ಕೂಗಿ, ಬಾಯಲ್ಲೇ ಪೋಂ ಎಂದು ಹಾರನ್ ಮಾಡುತ್ತಾ, ತಲೆ ತಗ್ಗಿಸಿಕೊಂಡು, ನಿಧಾನಿ ತನ್ನ ತಾಯಿಯ ಮೇಲೆ ಶಕ್ತಿಮೀರಿ ಓಡಿ ಬರುತ್ತಾನೆ.

"ಇನ್ನೂ ಜೋರಾಗಿ ಬಾರೋ," ಎನ್ನುತ್ತಾರೆ ತಾಯಿ, "ನಿಜವಾದ್ದು ಇಷ್ಟು ನಿಧಾನ ಬರುತ್ತಾ?"